ಮ್ಯೂಟ್ ಆದ ಮುಶಾಯಿರಾ, ಬೀದಿಯಿಲ್ಲದ ಸಂತೆ

ಕೋವಿಡ್ ಕಾಲದ ಮಾತು ಈಗ ಯಾರಿಗೂ ಬೇಡವಾಗಿದೆ. ಆಕ್ಸಿಜನ್ ಸಿಲಿಂಡರ್, ಆಸ್ಪತ್ರೆಯ ಬಿಲ್ಲು, ಹೆದ್ದಾರಿಯಲ್ಲಿ ನಡೆದು ಹೋದ ಕಾರ್ಮಿಕರು ಇವೆಲ್ಲ ಒಂದಿಷ್ಟು ಕತೆ, ಕವಿತೆಗಳಲ್ಲಿ ಬಂದು ಹೋದವು. ಆದರೆ ಆ ಎರಡು ವರ್ಷ ನಮ್ಮ ಕಲಾ ಸಂಘಗಳು, ಸಾಹಿತ್ಯ ಪರಿಷತ್ತುಗಳು, ಅಂಜುಮನ್‌ಗಳು ಏನು ಮಾಡಿದವು ಎಂಬುದನ್ನು ವಿಮರ್ಶೆಯ ಕಣ್ಣಿನಿಂದ ನೋಡಿದ್ದು ಕಡಿಮೆ. ಕೇಳಿದರೆ ಎಲ್ಲರ ಬಳಿಯೂ ಒಂದೇ ಸಿದ್ಧ ಉತ್ತರವಿದೆ: ‘ನಿಲ್ಲಿಸಲಿಲ್ಲ, ಆನ್‌ಲೈನ್‌ನಲ್ಲಿ ಮಾಡಿದೆವು.’ ಈ ಉತ್ತರದಲ್ಲಿ ಒಂದು ಹೆಮ್ಮೆಯೂ ಇದೆ. ಅದು ಸುಳ್ಳೆಂದು ನಾವು ಹೇಳುತ್ತಿಲ್ಲ. ಆದರೆ ಯಾವ ಆ್ಯಪ್‌ನಲ್ಲಿ ಮಾಡಿದಿರಿ ಎಂಬುದಕ್ಕಿಂತ ಯಾರನ್ನು ಒಳಗೆ ಬಿಟ್ಟಿರಿ, ಯಾರ ಹೊಟ್ಟೆ ನೋಡಿದಿರಿ, ಏನನ್ನು ಹೇಳಲು ಹೆದರಿದಿರಿ, ಬಾಗಿಲು ಮತ್ತೆ ತೆರೆದಾಗ ಯಾರನ್ನು ಹೊರಗೇ ಉಳಿಸಿದಿರಿ ಎಂಬುದು ಮುಖ್ಯವಾದ ಪ್ರಶ್ನೆ. ಈ ಪ್ರಶ್ನೆಯನ್ನು ಇನ್ನೊಬ್ಬರಿಗೆ ಕೇಳುವ ಮೊದಲು ನಮ್ಮ ಮನೆಯಿಂದಲೇ ಶುರು ಮಾಡುವುದು ನ್ಯಾಯ.

ನಮ್ಮ ತಿಲಕ್ ನಗರದಲ್ಲಿ ಉರ್ದು ಶಾಯರರ ಒಂದು ಸಣ್ಣ ಕೂಟವಿದೆ. ನೋಂದಣಿ ಇಲ್ಲ, ಬ್ಯಾಂಕ್ ಖಾತೆ ಇಲ್ಲ. ಒಂದು ರಬ್ಬರ್ ಸ್ಟ್ಯಾಂಪು, ಒಂದು ಹಾಜರಿ ಪುಸ್ತಕ ಇದೆ. ತಿಂಗಳಿಗೊಮ್ಮೆ ಇಶಾ ನಮಾಝಿನ ನಂತರ ಒಂದು ಟೈಲರ್ ಅಂಗಡಿಯ ಮೇಲಿನ ಕೋಣೆಯಲ್ಲಿ ನಶಿಸ್ತ್ ನಡೆಯುತ್ತಿತ್ತು. ನಶಿಸ್ತ್ ಎಂದರೆ ಕೂತು ನಡೆಸುವ ಕೂಟ. ವೇದಿಕೆ, ಮೈಕು, ಹಾರ, ತುರಾಯಿಗಳ ಮುಶಾಯಿರಾದ ಬಡ ತಮ್ಮ ಅನ್ನಬಹುದು. ಹದಿನೈದು ಇಪ್ಪತ್ತು ಜನ, ಒಂದು ಥರ್ಮಾಸ್ ಚಹಾ. ಶಾಯರರಲ್ಲಿ ನಿವೃತ್ತ ಉರ್ದು ಮೇಷ್ಟರು, ಗ್ಯಾರೇಜಿನವರು, ಬಟ್ಟೆ ಅಂಗಡಿಯವರು, ಒಬ್ಬ ಆಟೋ ಚಾಲಕರು. ಕತೆ ಬರೆಯುವ ನಮಗೆ ಅಲ್ಲಿ ಕೇಳುಗನ ಜಾಗ. ಕನ್ನಡದಲ್ಲಿ ಬರೆಯುತ್ತೇವೆಂಬ ಕಾರಣಕ್ಕೆ ಒಂದಿಷ್ಟು ತಮಾಷೆಯೂ, ಒಂದಿಷ್ಟು ಗೌರವವೂ ಸಿಗುತ್ತಿತ್ತು.

2020ರ ಮಾರ್ಚ್ 25ರಿಂದ ದೇಶಕ್ಕೇ ಬೀಗ ಬಿತ್ತು. ಏಪ್ರಿಲ್‌ನಲ್ಲಿ ರಮಝಾನ್ ಬಂದಾಗ ಮಸೀದಿಗಳಲ್ಲಿ ತರಾವೀಹ್ ಇಲ್ಲ, ಇಫ್ತಾರಿನ ಹೊತ್ತಿಗೆ ಕಾಲಿಡಲು ಜಾಗವಿಲ್ಲದ ತಿಲಕ್ ನಗರದ ಬೀದಿಯಲ್ಲಿ ಸಮೋಸದ ಒಂದು ಬಾಣಲೆಯೂ ಇಲ್ಲ. ಆಗ ನಮ್ಮ ಕೂಟದ ಸೆಕ್ರೆಟರಿಯವರು ನಶಿಸ್ತನ್ನು ವಾಟ್ಸ್‌ಆ್ಯಪ್‌ಗೆ ಒಯ್ದರು. ಒಂದು ಮಿಸ್ರಾ, ಅಂದರೆ ಪದ್ಯದ ಒಂದು ಸಾಲು ಕೊಡುವುದು. ಅದೇ ಛಂದಸ್ಸು, ಕಾಫಿಯಾ, ರದೀಫ್‌ಗಳಲ್ಲಿ ಎಲ್ಲರೂ ಗಝಲ್ ಬರೆದು, ಓದಿ, ಧ್ವನಿಮುದ್ರಿಸಿ ಹಾಕುವುದು. ಇದಕ್ಕೆ ತರಹಿ ಮುಶಾಯಿರಾ ಎನ್ನುತ್ತಾರೆ. ಅವಧಾನದ ಸಮಸ್ಯಾಪೂರಣಕ್ಕೆ ತುಸು ಹತ್ತಿರದ ಆಟ.

ಇದು ಸುಲಭವಾಗಿ ಕೂಡಿಬಂತು. ಕಾರಣ ಹಳೆಯದು. ತರಹಿ ಗಝಲ್ ಮೊದಲಿನಿಂದಲೂ ಅರ್ಧ ಪತ್ರ ವ್ಯವಹಾರವೇ. ಹತ್ತೊಂಬತ್ತನೇ ಶತಮಾನದಲ್ಲಿ ‘ಗುಲ್ದಸ್ತಾ’ ಎಂಬ ಬಗೆಯ ಉರ್ದು ಪತ್ರಿಕೆಗಳು ಬರುತ್ತಿದ್ದವು. ಸಂಪಾದಕರು ಒಂದು ಮಿಸ್ರಾ ಪ್ರಕಟಿಸಿದರೆ ಊರೂರಿನಿಂದ ಅಂಚೆಯಲ್ಲಿ ಗಝಲ್‌ಗಳು ಬರುತ್ತಿದ್ದವು, ಮುಂದಿನ ಸಂಚಿಕೆಯಲ್ಲಿ ಒಟ್ಟಿಗೆ ಅಚ್ಚಾಗುತ್ತಿದ್ದವು. ಮುಶಾಯಿರಾಕ್ಕೆ ಹೋಗಲಾಗದವರಿಗೆ ಅದು ಮುಶಾಯಿರಾ. ಆದ್ದರಿಂದ ನಮ್ಮ ಸೆಕ್ರೆಟರಿಯವರು ಹೊಸದೇನನ್ನೂ ಕಂಡುಹಿಡಿಯಲಿಲ್ಲ. ಗುಲ್ದಸ್ತಾವನ್ನು ಮೊಬೈಲಿಗೆ ತಂದರು ಅಷ್ಟೇ.

ಆದರೆ ಒಂದು ಕಡೆ ಎಡವಿದೆವು. ನಮ್ಮ ಕೂಟದ ಹಿರಿಯ ಉಸ್ತಾದರ ಬಳಿ ಸ್ಮಾರ್ಟ್‌ಫೋನ್ ಇರಲಿಲ್ಲ. ಮೊಮ್ಮಗನ ಫೋನಿನಲ್ಲಿ ಓದಿ ಕಳಿಸುತ್ತಿದ್ದರು. ಮೊದಲ ಮಿಸ್ರಾ ಓದಿ ನಿಲ್ಲುವುದು ಅವರ ಅಭ್ಯಾಸ. ಕೋಣೆಯಲ್ಲಿ ಆಗ ನಾಲ್ಕಾರು ಜನ ಆ ಮಿಸ್ರಾವನ್ನು ಎತ್ತಿ ವಾಪಸು ಹೇಳುತ್ತಿದ್ದರು, ಯಾರೋ ‘ಮುಕರ್ರರ್’ ಎನ್ನುತ್ತಿದ್ದರು, ಅವರು ಮತ್ತೆ ಓದುತ್ತಿದ್ದರು. ಎರಡನೇ ಮಿಸ್ರಾ ಏನಿರಬಹುದೆಂದು ಕೇಳುಗರ ಮನಸ್ಸು ಓಡುವುದು ಈ ಹೊತ್ತಿನಲ್ಲೇ. ಶೇರ್ ಎಂಬ ಎರಡು ಸಾಲಿನ ಪದ್ಯ ಕೆಲಸ ಮಾಡುವುದು ಈ ತಡೆಯಿಂದ. ವಾಯ್ಸ್ ನೋಟ್‌ನಲ್ಲಿ ಉಸ್ತಾದರು ಮೊದಲ ಸಾಲು ಓದಿದರು, ನಿಂತರು, ಯಾರೂ ಎತ್ತಲಿಲ್ಲ. ಮತ್ತೆ ಓದಿದರು, ಮತ್ತೆ ನಿಂತರು. ಹಿಂದೆ ಸೀಲಿಂಗ್ ಫ್ಯಾನಿನ ಸದ್ದು. ಆಮೇಲೆ ಎರಡನೇ ಸಾಲು. ಕೆಳಗೆ ಹದಿನೇಳು ಹೆಬ್ಬೆರಳುಗಳು ಮೇಲೆದ್ದು ನಿಂತವು, ಅದೂ ಮಾರನೇ ದಿನ ಸಂಜೆವರೆಗೆ ಒಂದೊಂದಾಗಿ. ಝೂಮ್‌ನಲ್ಲಿ ಮಾಡಿ ನೋಡಿದಾಗ ಇನ್ನೂ ಕೆಟ್ಟಿತು. ಗದ್ದಲವಾಗುತ್ತದೆಂದು ಎಲ್ಲರನ್ನೂ ಮ್ಯೂಟ್ ಮಾಡಿ ಕೂರಿಸಿದ್ದರು. ಮುಶಾಯಿರಾದಲ್ಲಿ ಗದ್ದಲವೇ ಅರ್ಧ ಕಾವ್ಯ ಎಂಬುದು ನಮಗೆ ಅಂದು ಗೊತ್ತಾಯಿತು.

ದಾದ್ ಇಲ್ಲದ ಗಝಲ್ ಹೇಗೆ ಬದಲಾಯಿತು ಎಂಬುದನ್ನು ಒಂದು ವರ್ಷದ ವಾಯ್ಸ್ ನೋಟ್‌ಗಳನ್ನು ಕೇಳಿದರೆ ತಿಳಿಯುತ್ತದೆ. ಮೊದಮೊದಲು ಎಲ್ಲರೂ ಸಾಲನ್ನು ಎರಡು ಸಲ ಓದುತ್ತಿದ್ದರು. 2020ರ ಕೊನೆಯ ಹೊತ್ತಿಗೆ ಒಂದೇ ಸಲ. ಏಳು, ಒಂಬತ್ತು ಶೇರ್‌ಗಳ ಗಝಲ್ ಐದಕ್ಕೆ ಇಳಿಯಿತು. ಇದನ್ನು ನಾವು ಬರೀ ನಷ್ಟವೆಂದು ಬರೆಯುವುದಿಲ್ಲ. ಕೋಣೆಯಲ್ಲಿ ದನಿಯ ಏರಿಳಿತದಿಂದ, ತರನ್ನುಮ್‌ನ ರಾಗದಿಂದ ದಾಟಿ ಹೋಗುತ್ತಿದ್ದ ಸಡಿಲ ಶೇರ್‌ಗಳು ಇಲ್ಲಿ ಸಿಕ್ಕಿಬಿದ್ದವು. ಇಬ್ಬರು ಯುವಕರು ಆ ವರ್ಷವೇ ನಿಜವಾಗಿ ಬರೆಯಲು ಕಲಿತರು.

ಇನ್ನೂ ಒಂದು ದೊಡ್ಡ ಲಾಭವಾಯಿತು, ಅದನ್ನು ಯಾರೂ ಯೋಚಿಸಿರಲಿಲ್ಲ. ಮೆಟ್ಟಿಲು ಹತ್ತಿ ಆ ಕೋಣೆಗೆ ಯಾವ ಹೆಂಗಸೂ ಬಂದದ್ದಿಲ್ಲ. ಬರಬೇಡಿ ಎಂದು ಯಾರೂ ಹೇಳಿರಲಿಲ್ಲ, ಬನ್ನಿ ಎಂದೂ ಹೇಳಿರಲಿಲ್ಲ. ವಾಟ್ಸ್‌ಆ್ಯಪ್ ಗುಂಪಿಗೆ ಮೆಟ್ಟಿಲಿಲ್ಲ. ಯಾರದೋ ಅಕ್ಕ, ಯಾರದೋ ಸೊಸೆ, ಬಿ.ಟಿ.ಎಂ. ಕಡೆಯ ಒಬ್ಬ ಶಿಕ್ಷಕಿ ಹೀಗೆ ಆರು ಜನ ಸೇರಿದರು. ಇಬ್ಬರು ದನಿ ಕೇಳಿಸಬಾರದೆಂದು ಟೈಪ್ ಮಾಡಿ ಕಳಿಸುತ್ತಿದ್ದರು, ಕೆಳಗೆ ತಖಲ್ಲುಸ್ ಮಾತ್ರ. ಆ ಎರಡು ವರ್ಷದಲ್ಲಿ ನಮ್ಮ ಕೂಟದಲ್ಲಿ ಬಂದ ಒಳ್ಳೆಯ ಗಝಲ್‌ಗಳನ್ನು ಆರಿಸಲು ಹೇಳಿದರೆ ಅರ್ಧಕ್ಕಿಂತ ಹೆಚ್ಚು ಈ ಆರು ಜನರದ್ದೇ ಆಗುತ್ತವೆ. ಗಂಡಸರು ಖಾಲಿ ಬೀದಿಯ ಬಗ್ಗೆ, ಮುಚ್ಚಿದ ಮೈಖಾನೆಯ ಬಗ್ಗೆ ಬರೆಯುತ್ತಿದ್ದಾಗ (ನಮ್ಮ ಶಾಯರರಲ್ಲಿ ಮೈಖಾನೆಯ ಬಾಗಿಲನ್ನಾದರೂ ಕಂಡವರು ಯಾರೂ ಇಲ್ಲ) ಇವರು ಒಂದೇ ಕೋಣೆಯ ಮನೆಯಲ್ಲಿ ಎಂಟು ಜನ ಇಪ್ಪತ್ತನಾಲ್ಕು ಗಂಟೆ ಇರುವುದರ ಬಗ್ಗೆ, ಮಗನ ಜನಾಝಾದ ಮುಖ ನೋಡಲಾಗದ ತಾಯಿಯ ಬಗ್ಗೆ ಬರೆದರು.

ಆ ಶಿಕ್ಷಕಿ 2020ರ ಏಪ್ರಿಲ್‌ನಲ್ಲಿ ಬರೆದ ಒಂದು ಶೇರ್ ಇತ್ತು. ನಿಝಾಮುದ್ದೀನ್ ಮರ್ಕಝ್‌ನ ಹೆಸರು ಹೇಳಿ ಟಿ.ವಿ. ಚಾನೆಲ್‌ಗಳು ಇಡೀ ಸಮುದಾಯವನ್ನೇ ರೋಗವೆಂದು ಕರೆಯುತ್ತಿದ್ದ ದಿನಗಳವು. ತರಕಾರಿ ಗಾಡಿಯವನ ಹೆಸರು ಕೇಳಿ ವಾಪಸು ಕಳಿಸುತ್ತಿದ್ದರು. ರೋಗಕ್ಕೆ ಹೆಸರಿಟ್ಟವರು ಗಾಳಿಯ ಧರ್ಮವನ್ನೂ ಹೇಳಲಿ ಎಂಬಂಥ ಭಾವ ಆ ಶೇರಿನದು. ಗುಂಪಿನಲ್ಲಿ ಬಂದು ಹತ್ತು ನಿಮಿಷವಾಗಿರಲಿಲ್ಲ, ಸ್ಕ್ರೀನ್‌ಶಾಟ್ ಹೊರಗೆ ಹೋದರೆ ಅಡ್ಮಿನ್ ಒಳಗೆ ಹೋಗಬೇಕಾಗುತ್ತದೆ ಎಂದು ಸೆಕ್ರೆಟರಿಯವರು ಹೆದರಿದರು. ಅಳಿಸಲು ಹೇಳಿದರು. ಅವರೊಬ್ಬರನ್ನೇ ದೂರುವುದು ಸರಿಯಲ್ಲ, ನಾವೂ ‘ಈಗ ಬೇಡ’ ಎಂದವರೇ. ಶಿಕ್ಷಕಿ ಅಳಿಸಿದರು. ಅದೇ ತಿಂಗಳು ಪಾದರಾಯನಪುರದಲ್ಲಿ ಕ್ವಾರಂಟೈನ್‌ಗೆ ಕರೆದೊಯ್ಯಲು ಬಂದ ಪಾಲಿಕೆ ಮತ್ತು ಆರೋಗ್ಯ ಸಿಬ್ಬಂದಿಯ ಮೇಲೆ ನಮ್ಮವರು ತಿರುಗಿಬಿದ್ದಾಗ ಅದು ತಪ್ಪು ಎಂದು ಒಂದು ಸಾಲು ಬರೆಯಲೂ ಕೂಟಕ್ಕೆ ಬಾಯಿ ಬರಲಿಲ್ಲ. ಎರಡು ಕಡೆಗೂ ಮೌನ. ಆ ವರ್ಷದ ಆಗಸ್ಟ್ 21ರಂದು ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠ, ತಬ್ಲೀಗಿಗೆ ಬಂದ ವಿದೇಶಿಯರನ್ನು ಬಲಿಪಶು ಮಾಡಲಾಯಿತೆಂದು ಹೇಳಿ ಅವರ ಮೇಲಿನ ಎಫ್‌ಐಆರ್‌ಗಳನ್ನು ರದ್ದು ಮಾಡಿತು. ಆ ಸುದ್ದಿಯನ್ನು ಗುಂಪಿನಲ್ಲಿ ಎಲ್ಲರೂ ಹಂಚಿದೆವು. ನ್ಯಾಯಾಲಯ ಹೇಳಿದ ಮೇಲೆ ಹಂಚಲು ಧೈರ್ಯ ಬೇಕಿಲ್ಲವಲ್ಲ.

*

ಇಲ್ಲಿ ಚೀನಾದ ನೆನಪಾಗುತ್ತದೆ. ಸಾಂಕ್ರಾಮಿಕ ಮೊದಲು ಮುತ್ತಿದ್ದು ಅಲ್ಲಿನ ವುಹಾನ್ ನಗರವನ್ನು. ಕಲಾವಿದರ ಸಂಘಗಳು ಮೊದಲು ಮನೆಯೊಳಗೆ ಸೇರಿದ್ದೂ ಅಲ್ಲಿಯೇ. ಚೀನಾದಲ್ಲಿ ಕಲಾವಿದರ ಸಂಘವೆಂದರೆ ನಮ್ಮ ಟೈಲರ್ ಅಂಗಡಿಯ ಮೇಲಿನ ಕೋಣೆಯಲ್ಲ. 1949ರಲ್ಲಿ ಕಟ್ಟಿದ ಸಾಹಿತ್ಯ-ಕಲಾ ವಲಯಗಳ ಒಕ್ಕೂಟವೊಂದಿದೆ. ಚಿತ್ರಕಾರರು, ಸಂಗೀತಗಾರರು, ನಾಟಕದವರು, ಛಾಯಾಗ್ರಾಹಕರು ಹೀಗೆ ಒಂದೊಂದು ಕಲೆಗೆ ಒಂದೊಂದು ಸಂಘ ಅದರ ಅಡಿಯಲ್ಲಿ, ಪ್ರಾಂತ್ಯ ಪ್ರಾಂತ್ಯಕ್ಕೂ ಶಾಖೆ, ಎಲ್ಲದರ ಮೇಲೆ ಪಕ್ಷ. 2020ರ ಜನವರಿ 23ರಂದು ವುಹಾನ್ ಮುಚ್ಚಿದ ಕೂಡಲೇ ಈ ಸಂಘಗಳಿಂದ ಸದಸ್ಯರಿಗೆ ಕರೆ ಹೋಯಿತು: ರೋಗದ ವಿರುದ್ಧದ ಹೋರಾಟಕ್ಕೆ ಕಲಾಕೃತಿ ಕೊಡಿ. ಪೋಸ್ಟರುಗಳು, ಹಾಡುಗಳು, ಶಾಯಿಚಿತ್ರಗಳು, ಸುಂದರ ಲಿಪಿಯ ಬರಹಗಳು ರಾಶಿ ರಾಶಿಯಾಗಿ ಬಂದವು, ಪ್ರದರ್ಶನಗಳು ಅಂತರ್ಜಾಲಕ್ಕೆ ಹೋದವು. ಬಿಳಿ ಉಡುಪಿನ ವೈದ್ಯರು, ಎಲ್ಲರೂ ಓಡುವಾಗ ಎದುರು ದಿಕ್ಕಿಗೆ ನಡೆದ ವೀರರು ಅವುಗಳ ನಾಯಕರು. ಹೊಂದಿಕೊಳ್ಳುವುದೇ ಮಾನದಂಡವಾದರೆ ಇಷ್ಟು ಬೇಗ, ಇಷ್ಟು ವಿಸ್ತಾರವಾಗಿ ಹೊಂದಿಕೊಂಡ ಸಂಘಗಳು ಬೇರೆಲ್ಲೂ ಸಿಗುವುದು ಕಷ್ಟ.

ಆದರೆ ವುಹಾನಿನ ಆ ದಿನಗಳನ್ನು ಜಗತ್ತು ಓದಿದ್ದು ಬೇರೊಬ್ಬರಿಂದ. ಫಾಂಗ್ ಫಾಂಗ್ ಎಂಬ ಕಾದಂಬರಿಗಾರ್ತಿ ಅದೇ ನಗರದವರು, ಹುಬೈ ಪ್ರಾಂತ್ಯದ ಲೇಖಕರ ಸಂಘದ ಮಾಜಿ ಅಧ್ಯಕ್ಷೆ. ಸಂಘದ ಕುರ್ಚಿಯಲ್ಲಿ ಕೂತು ಎದ್ದವರೇ. ಅವರು ಸಂಘದ ಕರೆಗೆ ಕಾಯಲಿಲ್ಲ. ಜನವರಿ 25ರಿಂದ ತಮ್ಮ ಮನೆಯಲ್ಲಿ ಕೂತು ದಿನಕ್ಕೊಂದರಂತೆ ಅರವತ್ತು ಬರಹಗಳನ್ನು ಅಂತರ್ಜಾಲದಲ್ಲಿ ಹಾಕಿದರು. ಮಾಸ್ಕ್ ಸಿಗುತ್ತಿಲ್ಲ, ನೆರೆಯವರು ತರಕಾರಿ ತಂದುಕೊಟ್ಟರು, ಪರಿಚಿತರು ಸತ್ತರು, ಇದಕ್ಕೆ ಹೊಣೆ ಯಾರು? ಇಷ್ಟೇ. ರಾತ್ರಿ ಬರೆದದ್ದು ಕೆಲವು ಸಲ ಬೆಳಿಗ್ಗೆ ಇರುತ್ತಿರಲಿಲ್ಲ, ಅಳಿಸಿಹೋಗಿರುತ್ತಿತ್ತು. ಆದರೂ ಲಕ್ಷಾಂತರ ಜನ ಓದಿದರು. ಅದೇ ವರ್ಷ ಮೈಕೇಲ್ ಬೆರಿಯವರ ಇಂಗ್ಲಿಷ್ ಅನುವಾದ ‘ವುಹಾನ್ ಡೈರಿ’ ಹೊರಗೆ ಬಂದಾಗ ದೇಶದ ಮಾನ ಕಳೆದಳೆಂದು ಅವರ ಮೇಲೆ ದೊಡ್ಡ ದಾಳಿಯೇ ನಡೆಯಿತು. ಚೀನಾದ ಒಳಗೆ ಆ ಡೈರಿ ಪುಸ್ತಕವಾಗಲಿಲ್ಲ. ಸಾಹಿತ್ಯವೆಂದು ನೋಡಿದರೆ ಅದು ಮಹಾಕೃತಿಯೇನಲ್ಲ, ಬಹಳ ಕಡೆ ಒಂದೇ ಮಾತು ಮರುಕಳಿಸುತ್ತದೆ. ಅವರಿಗೆ ಅದರ ಚಿಂತೆ ಇದ್ದಂತೆಯೂ ಕಾಣುವುದಿಲ್ಲ.

ಈ ಕತೆಯನ್ನು ನಮ್ಮಲ್ಲಿ ಹೇಳಿದಾಗ ಎಲ್ಲರೂ ‘ಅದು ಚೀನಾ’ ಎಂದು ನೆಮ್ಮದಿಯಿಂದ ತಲೆ ಆಡಿಸುತ್ತಾರೆ. ನಮಗೆ ಆ ನೆಮ್ಮದಿ ಇಲ್ಲ. ಅಲ್ಲಿ ಅಳಿಸಲು ಸರ್ಕಾರ ಬೇಕಾಯಿತು. ತಿಲಕ್ ನಗರದಲ್ಲಿ ನಾವೇ ಸಾಕಾದೆವು.

*

ಇನ್ನು ಬೆಂಗಳೂರಿನ ದೊಡ್ಡ ಸಂಸ್ಥೆಯೊಂದರ ಮಾತು. ಕರ್ನಾಟಕ ಚಿತ್ರಕಲಾ ಪರಿಷತ್ತಿನ ಚಿತ್ರಸಂತೆಯನ್ನು ಓದುಗರಲ್ಲಿ ಅನೇಕರು ಕಂಡಿರುತ್ತೀರಿ. ವರ್ಷದ ಆರಂಭದ ಒಂದು ಭಾನುವಾರ ಕುಮಾರಕೃಪಾ ರಸ್ತೆಯಲ್ಲಿ ವಾಹನ ನಿಲ್ಲಿಸಿ, ಸಾವಿರಕ್ಕೂ ಹೆಚ್ಚು ಕಲಾವಿದರು ಫುಟ್‌ಪಾತಿನ ಮೇಲೆ ಚಿತ್ರ ಹರವಿಕೊಂಡು ಕೂರುತ್ತಾರೆ. ಲಕ್ಷಗಟ್ಟಲೆ ಜನ ಬರುತ್ತಾರೆ. ನೂರು ರೂಪಾಯಿಯ ಪೆನ್ಸಿಲ್ ಚಿತ್ರವೂ ಸಿಗುತ್ತದೆ, ಲಕ್ಷ ರೂಪಾಯಿಯ ಕ್ಯಾನ್ವಾಸೂ ಸಿಗುತ್ತದೆ. ಗ್ಯಾಲರಿಯ ಗಾಜಿನ ಬಾಗಿಲು ತಳ್ಳಲು ಹಿಂಜರಿಯುವ ನಮ್ಮಂಥವರ ಮನೆಗಳ ಗೋಡೆಗೂ ಒಂದು ಚಿತ್ರ ಬಂದದ್ದು ಈ ಸಂತೆಯಿಂದ. ಬುರ್ಖಾ ಹಾಕಿದ ಹೆಂಗಸರು ಮಕ್ಕಳ ಕೈ ಹಿಡಿದು ಚಿತ್ರಗಳ ನಡುವೆ ಓಡಾಡುವುದನ್ನು ಕಾಣುವುದಕ್ಕೇ ನಾವು ಅಲ್ಲಿಗೆ ಹೋಗುತ್ತಿದ್ದೆವು ಎಂದರೂ ತಪ್ಪಿಲ್ಲ.

2021ರ ಜನವರಿಯಲ್ಲಿ ಹದಿನೆಂಟನೆಯ ಸಂತೆ ರಸ್ತೆಯಲ್ಲಿ ನಡೆಯಲಿಲ್ಲ, ಅಂತರ್ಜಾಲದಲ್ಲಿ ನಡೆಯಿತು. ಒಂದು ದಿನದ ಸಂತೆ ಒಂದು ತಿಂಗಳದ್ದಾಯಿತು. ಪರಿಷತ್ತು ಕೈಚೆಲ್ಲಿ ಕೂರಲಿಲ್ಲ ಎಂಬುದನ್ನು ಮೆಚ್ಚಬೇಕು. ದೂರದ ಊರಿನ ಕಲಾವಿದನಿಗೆ ರೈಲು ಚಾರ್ಜು, ಲಾಡ್ಜಿನ ಬಾಡಿಗೆ ಉಳಿಯಿತು. ಬೆಂಗಳೂರಿಗೆ ಬರಲಾಗದವರೂ ನೋಡಿದರು. ಆದರೆ ಪರದೆಯಲ್ಲಿ ಎಲ್ಲ ಚಿತ್ರಗಳೂ ಒಂದೇ ಅಳತೆಯವು. ಅಂಗೈಯಗಲದ ಜಲವರ್ಣಕ್ಕೂ ಆರಡಿಯ ಕ್ಯಾನ್ವಾಸಿಗೂ ಒಂದೇ ಚೌಕ. ರಸ್ತೆಯಲ್ಲಿ ಜನ ಹುಡುಕಿಕೊಂಡು ಹೋಗುವುದಿಲ್ಲ, ಎಡವುತ್ತಾರೆ. ಯಾವುದೋ ಒಂದನ್ನು ನೋಡಲು ಹೋಗಿ ಪಕ್ಕದ್ದರ ಮುಂದೆ ನಿಲ್ಲುತ್ತಾರೆ. ವೆಬ್‌ಸೈಟಿನಲ್ಲಿ ಹೆಸರು ಗೊತ್ತಿದ್ದವರನ್ನಷ್ಟೇ ಹುಡುಕಬಹುದು. ಹೆಸರಿಲ್ಲದವನಿಗೆ ಎಡವುವ ಜನವೇ ಆಧಾರ. ಇನ್ನು, ಸ್ಟೂಲಿನ ಮೇಲೆ ಕೂರಿಸಿ ಹತ್ತು ನಿಮಿಷದಲ್ಲಿ ಮುಖ ಬರೆದುಕೊಡುವವರು ಸಂತೆಯ ಜೀವಾಳವಾಗಿದ್ದರು. ಅವರಿಗೆ ಆ ಸಂತೆಯಲ್ಲಿ ಜಾಗವೇ ಇರಲು ಸಾಧ್ಯವಿರಲಿಲ್ಲ. ಮಾರಲು ಅವರ ಬಳಿ ಚಿತ್ರವಿರುವುದಿಲ್ಲ, ಎದುರಿಗೆ ಮುಖ ಬೇಕು.

ಆ ಸಂತೆಯನ್ನು ಪರಿಷತ್ತು ಕೊರೊನಾ ವಾರಿಯರ್‌ಗಳಿಗೆ ಅರ್ಪಿಸಿತ್ತು. ಒಳ್ಳೆಯ ಭಾವನೆಯೇ. ಹಿಂದಿನ ವರ್ಷ ರೈತರಿಗೆ ಅರ್ಪಿಸಿದ್ದರು. ಆದರೆ ‘ವಾರಿಯರ್’ ಎಂಬ ಪದವನ್ನು ಕಲೆಯ ಸಂಸ್ಥೆಯೊಂದು ಆಳುವವರ ಬಾಯಿಂದ ಎತ್ತಿಕೊಳ್ಳುವಾಗ ಎರಡು ಸಲ ಯೋಚಿಸಬೇಕಿತ್ತು. 2020ರ ಜುಲೈನಲ್ಲಿ ಕರ್ನಾಟಕದ ಆಶಾ ಕಾರ್ಯಕರ್ತೆಯರು ತಿಂಗಳಿಗೆ 12,000 ರೂಪಾಯಿ ಗೌರವಧನ ಕೇಳಿ ಅನಿರ್ದಿಷ್ಟ ಮುಷ್ಕರ ಮಾಡಿದ್ದರು. ಅವರಿಗೆ ಮೇಲಿನಿಂದ ಹೂ ಸುರಿಸಿದ್ದೂ ಅದೇ ವರ್ಷ. ಚೀನಾದ ಪೋಸ್ಟರಿನ ಬಿಳಿ ಉಡುಪಿನ ದೇವತೆಯೂ ನಮ್ಮ ವಾರಿಯರೂ ಒಂದೇ ಅಚ್ಚಿನವರು: ಅವರು ಸಂಬಳ ಕೇಳುವುದಿಲ್ಲ. 2022ರಲ್ಲಿ ಸಂತೆ ಮತ್ತೆ ರಸ್ತೆಗೆ ಬಂತು, ಜನವರಿಯಲ್ಲಲ್ಲ, ಮಾರ್ಚ್ 27ರಂದು. ಬಿಸಿಲಿತ್ತು. ಜನರಿದ್ದರು. ಮುಖ ಬರೆಯುವವರೂ ಸ್ಟೂಲು ಹಾಕಿಕೊಂಡು ಕೂತಿದ್ದರು.

*

ಹೊಟ್ಟೆಯ ಪ್ರಶ್ನೆಗೆ ಬಂದರೆ ಕರಾವಳಿಯವರಿಗೆ ಹೆಚ್ಚು ಅಂಕ ಕೊಡಬೇಕು. ಯಕ್ಷಗಾನ ಮೇಳಗಳ ತಿರುಗಾಟ ಮೇ ತಿಂಗಳ ಪತ್ತನಾಜೆಯವರೆಗೆ ನಡೆಯಬೇಕಾದದ್ದು 2020ರಲ್ಲಿ ಮಾರ್ಚ್‌ನಲ್ಲೇ ನಿಂತಿತು. ಮಳೆಗಾಲಕ್ಕೆ ಕೂಡಿಡುವ ಎರಡು ತಿಂಗಳ ದುಡಿಮೆಯೇ ಹೋಯಿತು. ಉಡುಪಿಯ ಯಕ್ಷಗಾನ ಕಲಾರಂಗ, ಪಟ್ಲ ಫೌಂಡೇಶನ್‌ನಂಥ ಸಂಘಗಳು ಆಟವನ್ನು ಪರದೆಗೆ ತರುವ ಮೊದಲು ಕಲಾವಿದರ ಮನೆಗೆ ದಿನಸಿ, ನೆರವು ತಲುಪಿಸಿದವು. ಆಮೇಲೆ ಬಂದದ್ದು ಆನ್‌ಲೈನ್ ತಾಳಮದ್ದಳೆ. ಅದು ಅಲ್ಲಿ ಚೆನ್ನಾಗಿಯೇ ಒಗ್ಗಿತು. ವೇಷವಿಲ್ಲ, ಕುಣಿತವಿಲ್ಲ, ಕೂತು ಮಾತಿನಲ್ಲೇ ಕಟ್ಟುವ ಕಲೆಯದು. ಜಬ್ಬಾರ್ ಸಮೋ ಅವರಂಥ ಅರ್ಥಧಾರಿಗಳ ಮಾತು ಕೇಳಿದವರಿಗೆ ಆ ಮಾತಿನ ಕಸುವು ಗೊತ್ತು. ಆದರೆ ಪುಂಡುವೇಷದ ಹುಡುಗನಿಗೆ, ಚೌಕಿಯಲ್ಲಿ ವೇಷ ಕಟ್ಟಲು ನೆರವಾಗುವವನಿಗೆ ತಾಳಮದ್ದಳೆಯಲ್ಲಿ ಕೆಲಸವಿಲ್ಲ. ಅವರಿಗೆ ಉಳಿದದ್ದು ಕಿಟ್ ಮಾತ್ರ.

ನಮ್ಮ ಪಕ್ಕದ ಜೆ.ಪಿ. ನಗರದ ರಂಗಶಂಕರ, 2004ರಿಂದ ಸೋಮವಾರವೊಂದನ್ನು ಬಿಟ್ಟು ದಿನವೂ ನಾಟಕ ಕಾಣುತ್ತಿದ್ದ ಮನೆ, ಬಾಗಿಲು ಹಾಕಿತು. ಜಾತ್ರೆಗಳನ್ನೇ ನಂಬಿದ ಕಂಪನಿ ನಾಟಕದವರ ಪಾಡು ಹೇಳುವುದೇ ಬೇಡ.

ಸರ್ಕಾರವೂ ಕೊಟ್ಟಿತು. ಎರಡನೇ ಅಲೆಯಲ್ಲಿ, 2021ರ ಮೇ 19ರಂದು ಘೋಷಿಸಿದ 1,250 ಕೋಟಿ ರೂಪಾಯಿ ಪ್ಯಾಕೇಜಿನಲ್ಲಿ ಕಲಾವಿದರಿಗೆ ಹಾಗೂ ಕಲಾತಂಡಗಳಿಗೆ ತಲಾ 3,000 ರೂಪಾಯಿ. ಫಲಾನುಭವಿಗಳು ಅಂದಾಜು 16,095. ಆರು ಕೋಟಿ ಜನರ ರಾಜ್ಯದಲ್ಲಿ ಇಷ್ಟೇ ಕಲಾವಿದರೇ ಎಂದು ಆಗಲೇ ನಾವು ನಕ್ಕಿದ್ದೆವು. ತಿಲಕ್ ನಗರದ ನಮ್ಮ ಗಲ್ಲಿಯಲ್ಲಿ ಮದುವೆಗಳಿಗೆ ಕ್ಲಾರಿಯೊನೆಟ್ ನುಡಿಸುವವರೊಬ್ಬರಿದ್ದಾರೆ, ಬ್ಯಾಂಡ್‌ಸೆಟ್ಟಿನವರು. ಆ ಎರಡು ವರ್ಷ ಮದುವೆಗಳೆಲ್ಲ ಮನೆಯೊಳಗೆ ನಿಕಾಹ್ ಆಗಿ ಮುಗಿದವು. ಅವರು ತಳ್ಳುಗಾಡಿಯಲ್ಲಿ ಮೊದಲು ಮಾಸ್ಕ್ ಮಾರಿದರು, ಆಮೇಲೆ ಈರುಳ್ಳಿ. ಕಲಾವಿದನೆಂದು ಅರ್ಜಿ ಹಾಕಿ ಎಂದು ಹೇಳಿದಾಗ ಅವರು ನಮ್ಮನ್ನೇ ವಿಚಿತ್ರವಾಗಿ ನೋಡಿದರು. ಅವರಿಗೆ ಯಾವ ಸಂಘವೂ ಆ ಹೆಸರಿನಿಂದ ಕರೆದಿರಲಿಲ್ಲ. ಉರೂಸ್‌ಗಳಲ್ಲಿ ಹಾಡುವ ಕವ್ವಾಲರು, ದಫ್ ಬಾರಿಸುವವರು, ಮೊಹರಂನಲ್ಲಿ ಹೆಜ್ಜೆ ಹಾಕುವವರು ಬಹುಪಾಲು ಇದೇ ಸಾಲಿಗೆ ಸೇರಿದವರು. ಉರ್ದುವಿನ ಹೆಸರಿನಲ್ಲಿರುವ ನಮ್ಮ ಅಂಜುಮನ್‌ಗಳಿಗೆ ಶಾಯರ್ ಕಾಣುತ್ತಾನೆ, ಬ್ಯಾಂಡಿನವನು ಕಾಣುವುದಿಲ್ಲ. ನಮ್ಮ ಕೂಟವೂ ಆ ವರ್ಷ ಒಂದಿಷ್ಟು ಹಣ ಕೂಡಿಸಿತು. ಅದು ಹೋದದ್ದು ಶಾಯರರ ಮನೆಗಳಿಗೇ.

*

ಬಾಗಿಲು ಮತ್ತೆ ತೆರೆದಾಗ ಏನಾಯಿತು ಎಂಬುದೇ ಈ ಬರಹದ ಕಷ್ಟದ ಭಾಗ.

ಒಂದು ಒಳ್ಳೆಯದನ್ನು ಮೊದಲು ಹೇಳಿಬಿಡೋಣ. ಬೆಂಗಳೂರು ಕರಗ 2020 ಮತ್ತು 2021ರಲ್ಲಿ ದೇವಸ್ಥಾನದ ಆವರಣಕ್ಕೇ ಸೀಮಿತವಾಗಿತ್ತು, ಕಾಟನ್‌ಪೇಟೆಯ ತವಕ್ಕಲ್ ಮಸ್ತಾನ್ ದರ್ಗಾಕ್ಕೆ ಬರಲಿಲ್ಲ. 2022ರ ಏಪ್ರಿಲ್‌ನಲ್ಲಿ ಮತ್ತೆ ಬೀದಿಗಿಳಿಯುವಾಗ ದರ್ಗಾಕ್ಕೆ ಹೋಗಬಾರದೆಂದು ಕೆಲವರು ಒತ್ತಾಯಿಸಿದರು. ಎರಡು ವರ್ಷ ಹೋಗದೆ ಇದ್ದದ್ದೇ ಹೊಸ ರೂಢಿಯಾಗಲಿ ಎಂಬ ಲೆಕ್ಕಾಚಾರ. ಕರಗದವರು ಒಪ್ಪಲಿಲ್ಲ, ಕರಗ ದರ್ಗಾಕ್ಕೆ ಬಂತು. ಆದರೆ ಅದಕ್ಕೆ ಕೆಲವೇ ವಾರಗಳ ಹಿಂದೆ ಕಾಪುವಿನ ಸುಗ್ಗಿ ಮಾರಿಪೂಜೆಯಲ್ಲಿ ಮುಸ್ಲಿಂ ವ್ಯಾಪಾರಿಗಳಿಗೆ ಅಂಗಡಿ ಹಾಕಲು ಅವಕಾಶ ಸಿಗಲಿಲ್ಲ, ಆ ಪಿಡುಗು ಬೇರೆ ಜಾತ್ರೆಗಳಿಗೂ ಹಬ್ಬಿತು. ರೋಗ ಬಿಟ್ಟುಹೋದ ಅಂತರವನ್ನು ಕೆಲವರು ಜೋಪಾನ ಮಾಡಿಟ್ಟುಕೊಂಡಿದ್ದರು.

ಕನ್ನಡ ಸಾಹಿತ್ಯ ಪರಿಷತ್ತು 2020ರ ಫೆಬ್ರವರಿಯಲ್ಲಿ ಕಲಬುರಗಿಯಲ್ಲಿ ಎಂಬತ್ತೈದನೆಯ ಸಮ್ಮೇಳನ ಮುಗಿಸಿತ್ತು. ಮುಂದಿನದು ಹಾವೇರಿಯಲ್ಲಿ. ರೋಗದಿಂದ ಮುಂದೆ ಹೋಗಿ ಹೋಗಿ ನಡೆದದ್ದು 2023ರ ಜನವರಿ 6ರಿಂದ 8ರವರೆಗೆ. 1915ರಲ್ಲಿ ಹುಟ್ಟಿದ ಸಂಸ್ಥೆಗೆ ಯೋಚಿಸಲು ಸುಮಾರು ಮೂರು ವರ್ಷದ ಬಿಡುವು ಸಿಕ್ಕಿತ್ತು. ಆಹ್ವಾನಿತರ ಪಟ್ಟಿ ಬಂದಾಗ ಅದರಲ್ಲಿ ಮುಸ್ಲಿಂ ಲೇಖಕರನ್ನು ಹುಡುಕಬೇಕಾಯಿತು. ಶಿಶುನಾಳ ಶರೀಫರ ಜಿಲ್ಲೆಯಲ್ಲಿ ನಡೆದ ಸಮ್ಮೇಳನವದು. ಇದನ್ನು ಪ್ರತಿಭಟಿಸಿ ಜನವರಿ 8ರಂದು ಬೆಂಗಳೂರಿನಲ್ಲಿ ಜನಸಾಹಿತ್ಯ ಸಮ್ಮೇಳನ ನಡೆಯಿತು. ಮುಸ್ಲಿಮೇತರ ಲೇಖಕರೇ ಮುಂದೆ ನಿಂತು, ಅನೇಕರು ಹಾವೇರಿಯ ಆಹ್ವಾನವನ್ನು ಬಿಟ್ಟು ಬಂದರು. ಅದನ್ನು ನಾವು ಮರೆಯಲಾರೆವು.

ನಮ್ಮ ಕೂಟದವರೂ ಆ ದಿನ ಹೋಗಿದ್ದೆವು. ವಾಪಸು ಬರುವಾಗ ಬಸ್ಸಿನಲ್ಲಿ ಹಾವೇರಿಯ ಪಟ್ಟಿಯ ಬಗ್ಗೆ ಜೋರು ಜೋರಾಗಿ ಮಾತಾಡಿದೆವು. ಎಷ್ಟು ಜನರ ಪಟ್ಟಿಯಲ್ಲಿ ನಮ್ಮವರು ಎಷ್ಟು ಎಂದು ಬೆರಳು ಮಡಿಚಿದೆವು. ಆಗ ಗ್ಯಾರೇಜಿನ ಶಾಯರರು ಸುಮ್ಮನೆ ಕೇಳಿದರು: ‘ನಮ್ಮ ಹಾಜರಿ ಪುಸ್ತಕದಲ್ಲಿ ಆ ಆರು ಜನರ ಹೆಸರು ಇದೆಯೇನು ಭಾಯಿ?’

ಇರಲಿಲ್ಲ. 2022ರ ಮಧ್ಯದಲ್ಲಿ ನಶಿಸ್ತ್ ಮತ್ತೆ ಕೋಣೆಗೆ ಹೋಗಿತ್ತು. ಉಸ್ತಾದರು ಮೊದಲ ಸಾಲು ಓದಿ ನಿಂತಾಗ ಹತ್ತು ಕಂಠಗಳು ಎತ್ತಿದವು, ಅವರ ಕಣ್ಣಲ್ಲಿ ನೀರು ಬಂತು. ಫೋನ್ ಮೇಲೆತ್ತಿ ಚಿತ್ರೀಕರಿಸುತ್ತಿದ್ದ ಹುಡುಗನಿಗೆ ‘ಪೆಹಲೇ ಸುನ್ ಲೋ ಮಿಯಾ, ಬಾದ್ ಮೇ ರಖ್ ಲೇನಾ’ ಎಂದರು: ಮೊದಲು ಕೇಳಿಸಿಕೊ, ಆಮೇಲೆ ಇಟ್ಟುಕೊ. ಎಲ್ಲರೂ ನಕ್ಕೆವು, ಥರ್ಮಾಸಿನ ಚಹಾ ಬಂತು. ಆ ಸಂಭ್ರಮದಲ್ಲಿ ವಾಟ್ಸ್‌ಆ್ಯಪ್ ಗುಂಪು ಬರೀ ಈದ್ ಮುಬಾರಕ್ ಮತ್ತು ಇಂತಿಕಾಲ್ ಸುದ್ದಿಯ ಗುಂಪಾಯಿತು. ಆರು ಜನರಿಗೆ ಯಾರೂ ಏನೂ ಹೇಳಲಿಲ್ಲ. ಮೊದಲಿನ ಹಾಗೆಯೇ, ಬರಬೇಡಿ ಎನ್ನಲಿಲ್ಲ, ಬನ್ನಿ ಎನ್ನಲಿಲ್ಲ. ಶಿಕ್ಷಕಿ ಎರಡು ತಿಂಗಳು ಗಝಲ್ ಟೈಪ್ ಮಾಡಿ ಹಾಕಿದರು, ಯಾರ ಹೆಬ್ಬೆರಳೂ ಏಳಲಿಲ್ಲ, ಎಲ್ಲರೂ ಕೋಣೆಯಲ್ಲಿದ್ದೆವು. ಮೂರನೇ ತಿಂಗಳು ಅವರೂ ನಿಲ್ಲಿಸಿದರು.

ಸೆಕ್ರೆಟರಿಯವರೊಡನೆ ಈ ಬಗ್ಗೆ ಜಗಳವಾಡಿದ್ದೇವೆ. ಮೆಟ್ಟಿಲು ಇಕ್ಕಟ್ಟು, ರಾತ್ರಿ ಹೊತ್ತು, ಮಸೀದಿಯ ಹಿರಿಯರು ಏನನ್ನುತ್ತಾರೋ ಎಂದು ಅವರು ಹೇಳುತ್ತಾರೆ. ಭಾನುವಾರ ಅಸರ್ ನಂತರ ಯಾವುದಾದರೂ ಶಾಲೆಯ ಕೋಣೆಯಲ್ಲಿ ಮಾಡೋಣ, ಬರಲಾಗದವರ ದನಿಯನ್ನು ಅಲ್ಲೇ ಸ್ಪೀಕರಿನಲ್ಲಿ ಕೇಳಿಸೋಣ, ಮಿಸ್ರಾ ಎತ್ತುವುದು ಆ ಕಡೆಗೂ ಕೇಳಲಿ ಎಂದು ನಾವು ಹೇಳುತ್ತೇವೆ. ಇದಕ್ಕೆ ಹೊಸ ಯಂತ್ರವೇನೂ ಬೇಡ, ಎಲ್ಲರ ಜೇಬಿನಲ್ಲಿರುವುದೇ ಸಾಕು. ‘ದೇಖೇಂಗೇ’ ಎನ್ನುತ್ತಾರೆ. ಯಾವ ಹಳೇ ಮೊಹಲ್ಲಾದ ಜಲ್ಸಾದ ಪೋಸ್ಟರಿನಲ್ಲೂ ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಸಾಲು ಇರುತ್ತದೆ, ಖವಾತೀನ್‌ಗೆ ಪರ್ದೆಯ ವ್ಯವಸ್ಥೆ ಇದೆ ಎಂದು. ಈ ತಿಂಗಳ ನಶಿಸ್ತಿನ ದಾವತ್‌ನಾಮೆ ನಿನ್ನೆ ಫೋನಿಗೆ ಬಂತು. ಮಿಸ್ರಾ ಇದೆ, ತಾರೀಖು ಇದೆ, ಚಹಾದ ಏರ್ಪಾಡು ಇದೆ. ಆ ಸಾಲು ಇನ್ನೂ ಇಲ್ಲ.